ಬೆಸುಗೆಯ ಸೀಸ ಮತ್ತು ಗರ್ಭಸ್ಥ ಶಿಶು

ಕೋಲಾರ ಜಿಲ್ಲೆಯ ನರಸಾಪುರದಂತಹ ಕಡೆಗಳಲ್ಲಿರುವ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ಹಳ್ಳಿಗಳ ಅನೇಕ ತರುಣಿಯರು ದುಡಿಯಲು ಹೋಗುತ್ತಾರೆ. ಪೇಟೆಯಲ್ಲಿ ರೇಡಿಯೋ, ಮೊಬೈಲ್ ದುರಸ್ತಿ ಮಾಡುವ ಗಂಡಸರೂ ಉಂಟು. ಈ ಕಸುಬಿನ ಕೆಲವು ವಸ್ತುಗಳು ಹುಟ್ಟಲಿರುವ ಮಗುವಿಗೂ ಕೇಡು ಮಾಡಬಲ್ಲವಾದ್ದರಿಂದ ದಂಪತಿಗಳಿಬ್ಬರೂ ಅವುಗಳ ವಿಷಯವನ್ನು ಅರಿತಿರುವುದು ಅವಶ್ಯಕ.

ಬಿಡಿಭಾಗಗಳನ್ನು ಜೋಡಿಸುವ ಬೆಸುಗೆಯಲ್ಲಿ ಬಹುಕಾಲ ಶೇಕಡಾ 63 ಭಾಗ ತವರ, 37 ಭಾಗ ಸೀಸ ಇರುತ್ತಿತ್ತು. ಈ ಮಿಶ್ರಣವು 183 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕರಗುತ್ತದೆ, ಅಗ್ಗವೂ ಹೌದು. ಬೆಸುಗೆಯ ಹೊಗೆಯೆಲ್ಲ ಸೀಸದ್ದೆಂದು ಹಲವರು ಭಾವಿಸುತ್ತಾರೆ. ಅದು ಬಹುಮಟ್ಟಿಗೆ ರಾಳದ ಹೊಗೆ, ಉಬ್ಬಸವನ್ನುಂಟುಮಾಡಬಲ್ಲುದು. ಸೀಸವು ದೇಹವನ್ನು ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ: ತೊಳೆಯದ ಕೈಯಲ್ಲಿ ಉಂಡಾಗ, ಬೀಡಿ ಸೇದಿದಾಗ, ಎಲೆಅಡಿಕೆ ಹಾಕಿಕೊಂಡಾಗ. ಒಳಹೊಕ್ಕ ಸೀಸ ಮೂಳೆಗಳಲ್ಲಿ ವರ್ಷಗಟ್ಟಲೆ ನೆಲೆಸುತ್ತದೆ. ಗರ್ಭಿಣಿಯ ಮೂಳೆಯಿಂದ ಸುಣ್ಣದ ಅಂಶ ಶಿಶುವಿಗಾಗಿ ಕರಗುವಾಗ ಸೀಸವೂ ರಕ್ತಕ್ಕಿಳಿದು, ಮಾಸುವನ್ನು ದಾಟಿ, ಶಿಶುವಿನ ಮಿದುಳಿಗೆ ಹಾನಿಯೆಸಗುತ್ತದೆ. ಗಂಡಸರಲ್ಲಿ ವೀರ್ಯಾಣುಗಳನ್ನು ಕುಗ್ಗಿಸುತ್ತದೆ. ಮಕ್ಕಳಾಗದಿದ್ದಲ್ಲಿ ಹೆಂಡತಿಯನ್ನೇ ದೂರುವವರು ಇದನ್ನು ಗಮನಿಸಬೇಕು.

ಯುರೋಪಿನ ಒಕ್ಕೂಟವು 2006ರ ಜುಲೈ 1ರಿಂದ ಹೆಚ್ಚಿನ ಹೊಸ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಭಾರತದ 2011ರ ಇ-ತ್ಯಾಜ್ಯ ನಿಯಮಗಳೂ ಅಂತಹ ಮಿತಿಯನ್ನು ವಿಧಿಸಿದವು. ಸೀಸದ ಬದಲು ಈಗ ತವರಕ್ಕೆ ಕೊಂಚ ಬೆಳ್ಳಿ, ತಾಮ್ರ ಬೆರೆಸುತ್ತಾರೆ. ತವರವೆಂದರೆ ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಲೋಹವೇ. ಹೊಸ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಶಾಖ ಬೇಕಾದುದರಿಂದ ರಾಳದ ಹೊಗೆ ಹೆಚ್ಚಬಹುದು. ಹೊಗೆಯನ್ನು ಹೊರದೂಡುವ ಏರ್ಪಾಡು ಇರಲೇಬೇಕು.

ಚಿಪ್ಪುಗಳ ತಯಾರಿಕೆಯಲ್ಲಿ ಗ್ಲೈಕಾಲ್ ಈಥರ್ ಎಂಬ ಕೆಲವು ದ್ರಾವಕಗಳಿದ್ದವು. ಅವುಗಳೊಡನೆ ದುಡಿದ ಹೆಂಗಸರಲ್ಲಿ ಗರ್ಭಪಾತ ಹೆಚ್ಚೆಂದು 1986ರಲ್ಲಿಯೂ 1992ರಲ್ಲಿಯೂ ಅಮೆರಿಕದ ಅಧ್ಯಯನಗಳು ತೋರಿಸಿದವು. ಮೊದಲು ಒಂದು ದೊಡ್ಡ ಕಂಪೆನಿ ಗರ್ಭಿಣಿಯರನ್ನೇ ಆ ಕೆಲಸದಿಂದ ತೆಗೆಯಿತು. ಗರ್ಭ ನಿಂತಿರುವುದು ತಾಯಿಗೆ ತಿಳಿಯುವ ಮುನ್ನವೇ ಕೇಡಾಗಬಹುದಾದುದರಿಂದ ಇದು ಅರೆಮನಸ್ಸಿನ ಪರಿಹಾರ. ದ್ರಾವಕವನ್ನೇ ಬದಲಿಸುವುದು ಸರಿಯಾದ ದಾರಿ. ಮುಂದೆ ಎಥಿಲ್ ಲ್ಯಾಕ್ಟೇಟ್ ಮೊದಲಾದವು ಬಳಕೆಗೆ ಬಂದವು.

ದುರಸ್ತಿ ಅಂಗಡಿಗಳಲ್ಲಿ ಸೀಸದ ಬೆಸುಗೆ ತಂತಿ ಇನ್ನೂ ಉಂಟು. ಸುರುಳಿಯ ಮೇಲೆ 60/40 ಅಥವಾ 63/37 ಎಂದಿದ್ದರೆ ಎರಡನೆಯ ಅಂಕಿ ಸೀಸದ್ದು. ಅಂತಹುದನ್ನು ಮುಟ್ಟಿದವರು ಮನೆಗೆ ಬಂದೊಡನೆ ಕೈಯನ್ನು ಸೋಪಿನಿಂದ ತೊಳೆದು, ಬಟ್ಟೆ ಬದಲಿಸಿ, ಅನಂತರ ಮಗುವನ್ನೆತ್ತಿಕೊಳ್ಳತಕ್ಕದ್ದು.