ಮಂಡಿಪೇಟೆಯ ಒಲವು: ಅಂಕಿ ಓದುವ ಪಾಠ

ಚುನಾವಣೆಯ ಪಾಠಕ್ಕೆ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ. ದಾವಣಗೆರೆ ದಕ್ಷಿಣ ವಿಧಾನಸಭಾ ಕ್ಷೇತ್ರ: 2008, 2013, 2018, 2023 – ಕಾಂಗ್ರೆಸ್. ದಾವಣಗೆರೆ ಲೋಕಸಭಾ ಕ್ಷೇತ್ರ: 2009, 2014, 2019 – ಬಿಜೆಪಿ; 2024 – ಕಾಂಗ್ರೆಸ್.

“ದಕ್ಷಿಣದವರು ರಾಜ್ಯಕ್ಕೊಂದು, ದೇಶಕ್ಕೊಂದು ಪಕ್ಷ ಆರಿಸಿದರೇ?” ಎಂದು ಕೇಳಿದೆ. ಹೆಚ್ಚಿನವರು ಹೌದೆಂದರು. ಆಗ ನಕ್ಷೆ ತೋರಿಸಿದೆ: ಲೋಕಸಭಾ ಕ್ಷೇತ್ರದಲ್ಲಿ ಹರಿಹರ, ಜಗಳೂರು, ಹೊನ್ನಾಳಿ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಹೊನ್ನಾಳಿಯ ಮತವನ್ನು ಪೇಟೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಮಂಡಿಪೇಟೆಯ ಒಲವು ತಿಳಿಯಲು ಮತಗಟ್ಟೆವಾರು ಫಲಿತಾಂಶದ ನಮೂನೆ 20 ನೋಡಬೇಕು.

ಮತದಾನದ ಪ್ರಮಾಣವೆಂದರೆ ಚಲಾಯಿಸಿದ ಮತಗಳನ್ನು ಪಟ್ಟಿಯ ಮತದಾರರಿಂದ ಭಾಗಿಸಿ 100ರಿಂದ ಗುಣಿಸಿದ್ದು. ತೀರಿಕೊಂಡವರ, ಊರು ಬಿಟ್ಟವರ ಹೆಸರು ಪಟ್ಟಿಯಲ್ಲಿ ಉಳಿದರೆ ಪ್ರಮಾಣ ಕಡಿಮೆ ಕಾಣುತ್ತದೆ. ಜನರ ನಿರಾಸಕ್ತಿಯೇ ಕಾರಣವೆನ್ನಲಾಗದು. ಅಂಗಡಿ ಇಲ್ಲಿ, ವಾಸ ಬೇರೆಡೆ ಇರುವ ವರ್ತಕರ ಮತ ವಾಸದ ಬಡಾವಣೆಯದು.

ಮನೆಗೆಲಸ ಕೊಡುವಾಗ ಒಂದು ನಿಯಮ ಹಾಕಿದೆ. “ಯಾರಿಗೆ ಮತ ಹಾಕಿದಿರಿ?” ಎಂದು ಯಾರನ್ನೂ ಕೇಳಕೂಡದು, ಮತ ಗುಪ್ತ. “ಮತದಾನದ ದಿನ ಕೂಲಿಸಹಿತ ರಜೆ ಸಿಕ್ಕಿತೇ?” ಎಂದು ಹಮಾಲರನ್ನು ಕೇಳಬಹುದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ದಿನಗೂಲಿಯವರಿಗೂ ಆ ಹಕ್ಕು ಕೊಟ್ಟಿದೆ. ಒಂದು ಬೀದಿಗೆ ಪಕ್ಷದ ಹಣೆಪಟ್ಟಿ ಹಚ್ಚುವ ಮೊದಲು ಅಂಕಿ ಯಾವ ಗಡಿಯದು ಎಂದು ಮಕ್ಕಳು ಕೇಳಿದರೆ, ಪಾಠ ಮುಟ್ಟಿದಂತೆ.