ಭಾರವಾದ ಪೆಟ್ಟಿಗೆ, ಹಗುರವಾದ ಪಿಕಪ್: ಕೊಳ್ಳುವ ಮುನ್ನ ಮಾಡಬೇಕಾದ ತೂಕದ ಲೆಕ್ಕ

ಬಾಡಿಗೆ ಲಾರಿಯನ್ನು ನೆಚ್ಚಿಕೊಳ್ಳದೆ ಸ್ವಂತದ ಪಿಕಪ್ ವಾಹನ ಇಟ್ಟುಕೊಳ್ಳುವುದು ಇಂದು ಸಣ್ಣ ವ್ಯಾಪಾರಿಗೂ ಸಣ್ಣ ತಯಾರಕನಿಗೂ ಸಹಜವಾಗಿದೆ. ಆದರೆ ಐಸ್‌ಕ್ರೀಮ್, ಹಾಲಿನ ಉತ್ಪನ್ನ, ಔಷಧ, ಕುಡಿಯುವ ನೀರು, ಸಂಚಾರಿ ಕ್ಯಾಂಟೀನ್ ಮುಂತಾದ ವ್ಯವಹಾರಗಳಿಗೆ ಬರಿಯ ಪಿಕಪ್ ಸಾಲದು. ಅದರ ಮೇಲೆ ಶೀತಲ ಪೆಟ್ಟಿಗೆಯನ್ನೋ, ಟ್ಯಾಂಕನ್ನೋ, ಅಡುಗೆ ಕಟ್ಟೆಯನ್ನೋ ಕೂರಿಸಬೇಕಾಗುತ್ತದೆ. ವಾಹನವನ್ನು ಒಬ್ಬರಲ್ಲಿ, ಪೆಟ್ಟಿಗೆಯನ್ನು ಇನ್ನೊಬ್ಬರಲ್ಲಿ ಕೊಳ್ಳುವ ನಾವು ಇವೆರಡರ ತೂಕವನ್ನು ಒಟ್ಟಿಗೆ ಇಟ್ಟು ನೋಡುವುದು ಅಪರೂಪ. ಈ ಸಣ್ಣ ಅಲಕ್ಷ್ಯ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯ ನನ್ನ ಗಮನಕ್ಕೆ ಬಂದದ್ದು ರಸ್ತೆಯಲ್ಲಲ್ಲ, ಖಾತೆ ಪುಸ್ತಕದಲ್ಲಿ. ಪನೀರ್, ಬೆಣ್ಣೆ ತಯಾರಿಸುವ ಕಕ್ಷಿದಾರರೊಬ್ಬರ ವಾಹನ ದುರಸ್ತಿ ಖಾತೆಯನ್ನು ಪರಿಶೀಲಿಸುತ್ತಿದ್ದೆ. ಒಂದೇ ವರ್ಷದಲ್ಲಿ ಎರಡು ಬಾರಿ ಹಿಂದಿನ ಟೈರುಗಳು, ಎರಡು ಬಾರಿ ಬ್ರೇಕ್ ಲೈನರ್, ಮೂರು ಬಾರಿ ಸ್ಪ್ರಿಂಗ್ ಪಟ್ಟಿಗಳ ಖರ್ಚು ಬಿದ್ದಿತ್ತು. ವಾಹನವಾದರೋ ಹೊಸದು. ಮಾಲೀಕರು ಇದಕ್ಕೆ ಚಾಲಕನ ಅಜಾಗರೂಕತೆಯೇ ಕಾರಣವೆಂದು ತೀರ್ಮಾನಿಸಿ ಇಬ್ಬರನ್ನು ಕೆಲಸದಿಂದ ಬಿಡಿಸಿದ್ದರು. "ಒಮ್ಮೆ ಕಾಟಾ ಮಾಡಿಸಿ ನೋಡಿ" ಎಂದು ನಾನು ಹೇಳಿದಾಗ, "ಕಂಪನಿಯವರೇ 1,300 ಕಿಲೋ ಹೊರುತ್ತದೆ ಎಂದಿದ್ದಾರೆ ಸರ್, ನಾವು ಹಾಕುವುದು ಸಾವಿರ ಕಿಲೋ ಮಾತ್ರ" ಎಂದು ನಕ್ಕರು. ಮುಂದಿನ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಅವರ ವಾಹನವನ್ನು ತಡೆದು ತೂಗಲಾಯಿತು. ಹೆಚ್ಚಿನ ಸರಕನ್ನು ಇಳಿಸಿದ ಮೇಲೆಯೇ ಮುಂದೆ ಹೋಗಲು ಅನುಮತಿ ದೊರೆಯಿತು. ಬದಲಿ ವಾಹನ ಬರುವಷ್ಟರಲ್ಲಿ ಬಿಸಿಲಿನಲ್ಲಿ ಇಳಿಸಿದ್ದ ಪನೀರ್ ಕೆಟ್ಟಿತ್ತು. ಅನಂತರ ನಾವಿಬ್ಬರೂ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತಿದ್ದೇನೆ. ಸುಲಭವಾಗಿ ತಿಳಿಯಲೆಂದು ಅಂಕಿಗಳನ್ನು ದುಂಡಾಗಿಸಿದೆ.

ಪೆಟ್ಟಿಗೆಯೂ ಭಾರವೇ

ಪ್ರತಿ ಸರಕು ವಾಹನದ ನೋಂದಣಿ ಪತ್ರದಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ವಾಹನದ ಸ್ವಂತ ತೂಕ. ಇನ್ನೊಂದು, ಸರಕು ಮತ್ತು ಜನರೂ ಸೇರಿದಂತೆ ಆ ವಾಹನಕ್ಕೆ ಅನುಮತಿಸಿದ ಒಟ್ಟು ತೂಕ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 2(48)ರ ಪ್ರಕಾರ ಸ್ವಂತ ತೂಕವೆಂದರೆ ವಾಹನ ಕೆಲಸ ಮಾಡುವಾಗ ಸಾಮಾನ್ಯವಾಗಿ ಬಳಸುವ ಎಲ್ಲ ಸಲಕರಣೆಗಳನ್ನೂ ಒಳಗೊಂಡ, ಆದರೆ ಚಾಲಕ ಮತ್ತು ಸಹಾಯಕನನ್ನು ಬಿಟ್ಟ ತೂಕ. ಒಂದೇ ವಾಹನಕ್ಕೆ ಬೇರೆ ಬೇರೆ ಬಾಡಿಗಳನ್ನು ಬದಲಿಸಿ ಬಳಸುವುದಾದರೆ ಅವುಗಳಲ್ಲಿ ಅತ್ಯಂತ ಭಾರವಾದುದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮಾರಾಟಗಾರರು ಹೇಳುವ ಸರಕಿನ ಸಾಮರ್ಥ್ಯ ಸಾಮಾನ್ಯವಾಗಿ ತೆರೆದ ತೊಟ್ಟಿಯ ಮಾದರಿಗೆ ಸಂಬಂಧಿಸಿದ್ದು. ತೊಟ್ಟಿಯನ್ನು ತೆಗೆದು ಪೆಟ್ಟಿಗೆ ಕೂರಿಸಿದ ಕ್ಷಣದಿಂದ ಆ ಅಂಕಿಗೆ ಅರ್ಥವಿಲ್ಲ. ಅನುಮತಿಸಿದ ಒಟ್ಟು ತೂಕ ಬದಲಾಗುವುದಿಲ್ಲ. ಪೆಟ್ಟಿಗೆ ಭಾರವಾದಷ್ಟೂ ಸರಕಿನ ಪಾಲು ಕುಗ್ಗುತ್ತದೆ.

ಒಂದು ಉದಾಹರಣೆ

ಅನುಮತಿಸಿದ ಒಟ್ಟು ತೂಕ: 3,000 ಕಿಲೋ
ಕ್ಯಾಬಿನ್ ಸಹಿತ ಚಾಸಿ, ಇಂಧನ ಸೇರಿ: 1,550 ಕಿಲೋ
ಶಾಖನಿರೋಧಕ ಪೆಟ್ಟಿಗೆ: 480 ಕಿಲೋ
ಶೀತಲ ಯಂತ್ರ: 110 ಕಿಲೋ
ಒಳಗಿನ ಕಪಾಟು, ಪರದೆ ಇತ್ಯಾದಿ: 60 ಕಿಲೋ
ವಾಹನದ ನಿಜವಾದ ಸ್ವಂತ ತೂಕ: 2,200 ಕಿಲೋ
ಚಾಲಕ ಮತ್ತು ಸಹಾಯಕ: 140 ಕಿಲೋ
ಖಾಲಿ ಕ್ರೇಟುಗಳು, 2 ಕಿಲೋದಂತೆ 40: 80 ಕಿಲೋ
ಸರಕಿಗೆ ಉಳಿದದ್ದು: 580 ಕಿಲೋ

1,300 ಕಿಲೋ ಎಂದು ನಂಬಿ ಕೊಂಡ ವಾಹನದಲ್ಲಿ ನ್ಯಾಯವಾಗಿ ಸಾಗಿಸಬಹುದಾದದ್ದು 580 ಕಿಲೋ ಮಾತ್ರ. ಅವರು ಹಾಕುತ್ತಿದ್ದುದು 1,000 ಕಿಲೋ. ಎಂದರೆ ವಾಹನ ಪ್ರತಿದಿನ 420 ಕಿಲೋ ಹೆಚ್ಚುವರಿ ಭಾರ ಹೊತ್ತು ಓಡುತ್ತಿತ್ತು. ದುರಸ್ತಿ ಖಾತೆಯ ರಹಸ್ಯ ಇದಾಗಿತ್ತು. ಚಾಲಕರ ತಪ್ಪು ಏನೂ ಇರಲಿಲ್ಲ.

ತೂಕ ಎಷ್ಟು ಎಂಬುದಷ್ಟೇ ಅಲ್ಲ, ಎಲ್ಲಿ ಎಂಬುದೂ ಮುಖ್ಯ

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮೇಲೆ ಅತಿಯಾದ ಭಾರ ಬೀಳಬಹುದು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 3 ಮೀಟರ್ ಎಂದಿಟ್ಟುಕೊಳ್ಳೋಣ. 1,000 ಕಿಲೋ ಭಾರದ ಕೇಂದ್ರ ಹಿಂದಿನ ಆಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದಿದ್ದರೆ 900 ಕಿಲೋ ಹಿಂದಿನ ಆಕ್ಸಲ್ ಮೇಲೂ 100 ಕಿಲೋ ಮುಂದಿನ ಆಕ್ಸಲ್ ಮೇಲೂ ಬೀಳುತ್ತದೆ. ಅದೇ ಭಾರದ ಕೇಂದ್ರ ಹಿಂದಿನ ಆಕ್ಸಲ್‌ಗಿಂತ 20 ಸೆಂಟಿಮೀಟರ್ ಹಿಂದಕ್ಕೆ ಸರಿದರೆ ಹಿಂದಿನ ಆಕ್ಸಲ್ ಮೇಲೆ ಸುಮಾರು 1,067 ಕಿಲೋ ಬಿದ್ದು, ಮುಂದಿನ ಆಕ್ಸಲ್‌ನಿಂದ 67 ಕಿಲೋ ಎತ್ತಲ್ಪಡುತ್ತದೆ. ತಕ್ಕಡಿಯ ನಿಯಮವೇ ಇಲ್ಲಿಯೂ ನಡೆಯುತ್ತದೆ. ಮುಂದಿನ ಚಕ್ರಗಳು ಹಗುರವಾದರೆ ಸ್ಟೀರಿಂಗ್ ಹಿಡಿತ ಕಡಿಮೆಯಾಗುತ್ತದೆ, ಬ್ರೇಕ್ ಹಾಕಿದಾಗ ವಾಹನ ಹತೋಟಿಗೆ ಸಿಗುವುದು ಕಷ್ಟವಾಗುತ್ತದೆ.

ಅಮೆರಿಕದಲ್ಲಿ ಪಿಕಪ್‌ನ ಹಿಂಬದಿಯ ತೊಟ್ಟಿಯಲ್ಲಿ ಮಲಗುವ ಕೋಣೆ, ಅಡುಗೆಮನೆ, ನೀರಿನ ಟ್ಯಾಂಕುಗಳುಳ್ಳ ಸಣ್ಣ ಮನೆಯನ್ನೇ ಕೂರಿಸಿ ಪ್ರವಾಸ ಹೋಗುವ ರೂಢಿಯಿದೆ. ಅದನ್ನು ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಇಂತಹ ಮನೆಯನ್ನು ಹೊರಬಲ್ಲ ಪಿಕಪ್ ತಯಾರಿಸುವವರು ಎಷ್ಟು ಭಾರ ಹೊರಿಸಬಹುದು, ಭಾರದ ಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂಬೆರಡನ್ನೂ ಗ್ರಾಹಕನಿಗೆ ತಿಳಿಸಬೇಕೆಂದು ಅಲ್ಲಿನ ಕೇಂದ್ರ ಸರ್ಕಾರದ ನಿಯಮವಿದೆ. ಅಲ್ಲಿನ ಅನುಭವಿ ಗ್ರಾಹಕರು ಮೊದಲು ಕ್ಯಾಂಪರ್ ಆರಿಸಿ, ನೀರು ತುಂಬಿದ ಅದರ ತೂಕ ತಿಳಿದು, ಅನಂತರ ಅದಕ್ಕೆ ತಕ್ಕ ಪಿಕಪ್ ಹುಡುಕುತ್ತಾರೆ. ನಾವೂ ಇದೇ ಕ್ರಮವನ್ನು ಅನುಸರಿಸುವುದು ಲೇಸು. ಮೊದಲು ಸರಕು, ಅನಂತರ ಪೆಟ್ಟಿಗೆ, ಕೊನೆಗೆ ವಾಹನ.

ನನ್ನ ಕಕ್ಷಿದಾರರ ವಾಹನದಲ್ಲಿ ಇನ್ನೊಂದು ದೋಷವಿತ್ತು. ಮೊದಲ ಅಂಗಡಿಗೆ ಇಳಿಸಬೇಕಾದ ಭಾರವಾದ ಕ್ರೇಟುಗಳನ್ನು ಬಾಗಿಲ ಬಳಿಯೇ ಜೋಡಿಸುತ್ತಿದ್ದರು. ಪಕ್ಕದಲ್ಲಿಯೂ ಒಂದು ಬಾಗಿಲು ಇಡಿಸಿದ್ದರೆ ಭಾರವನ್ನು ಮುಂದಕ್ಕೆ ಜೋಡಿಸಬಹುದಿತ್ತು.

ಸ್ಪ್ರಿಂಗ್ ಪಟ್ಟಿ ಸೇರಿಸಿದರೆ ಸಾಮರ್ಥ್ಯ ಹೆಚ್ಚದು

ಎರಡು ಪಟ್ಟಿ ಹೆಚ್ಚು ಹಾಕಿಸಿದರೆ ಸಾಕೆಂಬ ಸಲಹೆ ಗ್ಯಾರೇಜುಗಳಲ್ಲಿ ಸಾಮಾನ್ಯ. ಇದರಿಂದ ವಾಹನದ ಹಿಂಭಾಗ ಕುಸಿಯುವುದು ನಿಲ್ಲಬಹುದು. ಆದರೆ ಬ್ರೇಕ್, ಆಕ್ಸಲ್, ಚಾಸಿ, ಟೈರುಗಳು ಹಳೆಯವೇ. ನೋಂದಣಿ ಪತ್ರದ ಅಂಕಿಯೂ ಹಳೆಯದೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರಸೂಚಿಯನ್ನು ಓದುವ ಅಭ್ಯಾಸ ಒಳ್ಳೆಯದು. ಭಾರಸೂಚಿ 100 ಎಂದರೆ ಒಂದು ಟೈರಿಗೆ 800 ಕಿಲೋ, 104 ಎಂದರೆ 900, 108 ಎಂದರೆ 1,000 ಕಿಲೋ. ಇದೂ ಸರಿಯಾದ ಗಾಳಿಯ ಒತ್ತಡ ಇದ್ದಾಗ ಮಾತ್ರ.

ಕಾನೂನಿನ ನೋಟ

ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಕಲಂ 66ರ ಅಡಿಯಲ್ಲಿ ಪರ್ಮಿಟ್‌ನಿಂದ ವಿನಾಯಿತಿ ಇದೆ. ಈ ಸೌಲಭ್ಯಕ್ಕಾಗಿಯೇ ಅನೇಕರು ಚಿಕ್ಕ ವಾಹನ ಕೊಂಡು, ಅನಂತರ ದೊಡ್ಡ ವಾಹನದ ಕೆಲಸವನ್ನು ಅದರಿಂದ ಮಾಡಿಸುತ್ತಾರೆ. ದೊಡ್ಡ ವಾಹನಕ್ಕೆ ಬೇರೆ ಲೈಸೆನ್ಸಿನ ಚಾಲಕ ಬೇಕೆಂಬ ಅಂಜಿಕೆಯೂ ಇತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪಿನ ನಂತರ, ಲಘು ವಾಹನದ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಓಡಿಸಲು ಪ್ರತ್ಯೇಕ ಅನುಮೋದನೆ ಬೇಕಿಲ್ಲ.

ಕಲಂ 194ರಲ್ಲಿ ಮಿತಿಮೀರಿದ ಭಾರಕ್ಕೆ 2019ರ ಸೆಪ್ಟೆಂಬರ್ 1ರಿಂದ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಸರಕು ಇಳಿಸುವ ವೆಚ್ಚ ವಿಧಿಸಲಾಗಿದೆ. ಹೆಚ್ಚಿನ ಭಾರ ಇಳಿಸದೆ ವಾಹನ ಮುಂದೆ ಸಾಗುವಂತಿಲ್ಲ. ಚಾಲಕ ಮಾಲೀಕನಲ್ಲದಿದ್ದಾಗ, ತಪ್ಪು ಮಾಲೀಕನಿಗೆ ತಿಳಿದೇ ಅಥವಾ ಆತನ ಆದೇಶದಿಂದಲೇ ನಡೆಯಿತೆಂದು ಭಾವಿಸಲು ಕಲಂ 113 ಅವಕಾಶ ನೀಡುತ್ತದೆ. ಆದ್ದರಿಂದ ಚಾಲಕನ ಮೇಲೆ ಹೊಣೆ ಹೊರಿಸಿ ತಪ್ಪಿಸಿಕೊಳ್ಳುವುದು ಸುಲಭವಲ್ಲ. 2018ರ ಜುಲೈನಲ್ಲಿ ಎರಡು ಆಕ್ಸಲ್‌ನ ಲಾರಿಗಳ ಮಿತಿ 16.2 ಟನ್ನಿಂದ 18.5 ಟನ್ನಿಗೆ ಏರಿದ್ದರಿಂದ ಪಿಕಪ್‌ಗಳಿಗೂ ರಿಯಾಯಿತಿ ಸಿಕ್ಕಿತೆಂದು ತಿಳಿಯುವುದು ತಪ್ಪು. ನಿಮ್ಮ ವಾಹನಕ್ಕೆ ಅದರ ನೋಂದಣಿ ಪತ್ರದ ಅಂಕಿಯೇ ಪ್ರಮಾಣ.

ವಿಮೆಯ ವಿಷಯವನ್ನೂ ಮರೆಯಬಾರದು. ಅಮಲೇಂದು ಸಾಹೂ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಉಲ್ಲೇಖಿಸಿದ ವಿಮಾ ಮಾರ್ಗಸೂಚಿಯ ಪ್ರಕಾರ, ಮಿತಿಮೀರಿದ ಭಾರವಿದ್ದಾಗ ವಾಹನದ ಹಾನಿಗೆ ಸಲ್ಲುವ ಪರಿಹಾರದಲ್ಲಿ ಶೇಕಡಾ 75ಕ್ಕಿಂತ ಹೆಚ್ಚು ದೊರೆಯದು.

ಕಿಲೋ ಒಂದಕ್ಕೆ ತಗಲುವ ಖರ್ಚು

ದೊಡ್ಡ ವಾಹನ ದುಬಾರಿ ಎಂಬ ವಾದವನ್ನು ಲೆಕ್ಕದಿಂದಲೇ ಪರೀಕ್ಷಿಸೋಣ. ತಿಂಗಳಿಗೆ 26 ಸುತ್ತು ಎಂದು ಭಾವಿಸಿರಿ. ಚಿಕ್ಕ ವಾಹನಕ್ಕೆ ಕಂತು, ವಿಮೆ, ಸಂಬಳ ಮುಂತಾದ ಸ್ಥಿರ ಖರ್ಚು 30,000 ರೂಪಾಯಿ, ಸುತ್ತಿಗೆ 1,200ರಂತೆ ಓಡಾಟದ ಖರ್ಚು 31,200, ಒಟ್ಟು 61,200. ಸುತ್ತಿಗೆ 580 ಕಿಲೋದಂತೆ 15,080 ಕಿಲೋ ಸಾಗುತ್ತದೆ. ಕಿಲೋಗೆ 4 ರೂಪಾಯಿ 6 ಪೈಸೆ. ಒಟ್ಟು ತೂಕ 4,500 ಕಿಲೋ ಇರುವ ವಾಹನಕ್ಕೆ ಸ್ಥಿರ ಖರ್ಚು 42,000, ಸುತ್ತಿಗೆ 1,500ರಂತೆ 39,000, ಒಟ್ಟು 81,000. ಸುತ್ತಿಗೆ 1,000 ಕಿಲೋದಂತೆ 26,000 ಕಿಲೋ ಸಾಗುತ್ತದೆ. ಕಿಲೋಗೆ 3 ರೂಪಾಯಿ 12 ಪೈಸೆ.

ಚಿಕ್ಕ ವಾಹನದಲ್ಲಿಯೇ 1,000 ಕಿಲೋ ತುಂಬಿದರೆ ಕಿಲೋಗೆ 2 ರೂಪಾಯಿ 35 ಪೈಸೆ ಮಾತ್ರ ಎಂದು ಕಾಣುತ್ತದೆ. ಆದರೆ ಆ ತಿಂಗಳಲ್ಲಿ 20,000 ರೂಪಾಯಿಯ ಒಂದೇ ದಂಡ ಬಿದ್ದರೆ ಖರ್ಚು 81,200 ಆಗಿ, ಉಳಿತಾಯವೆಲ್ಲ ಅಲ್ಲಿಗೇ ಮುಗಿಯುತ್ತದೆ. ಟೈರು, ಬ್ರೇಕು, ಕೆಟ್ಟ ಸರಕು ಇವೆಲ್ಲ ಅದರ ಮೇಲಿನ ನಷ್ಟ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲೂ ಬಾರದು.

ಸರಕು ವಾಹನಗಳ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಕಾಂಪೊಸಿಷನ್ ಪದ್ಧತಿಯಲ್ಲಿಲ್ಲದ ನೋಂದಾಯಿತ ವ್ಯಾಪಾರಿ ತೆರಿಗೆಗೊಳಪಡುವ ಸರಕಿನ ಸಾಗಾಟಕ್ಕೆ ಕೊಂಡ ವಾಹನದ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಪಡೆದರೆ ಜಮೆ ದೊರೆಯದು. ಪೆಟ್ಟಿಗೆಯ ಬಿಲ್ಲೂ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ.

ಕೊಳ್ಳುವ ಮುನ್ನ

1. ಸುತ್ತೊಂದಕ್ಕೆ ಸಾಗಿಸಬೇಕಾದ ಗರಿಷ್ಠ ಸರಕನ್ನು, ಕ್ರೇಟು ಮತ್ತು ಪ್ಯಾಕಿಂಗ್ ಸಹಿತ, ತೂಗಿ ಬರೆದಿಡಿ. ಹಬ್ಬದ ದಿನಗಳ ತೂಕವನ್ನೇ ಹಿಡಿಯಿರಿ.
2. ಪೆಟ್ಟಿಗೆ ಕಟ್ಟುವವರಿಂದ ಎಲ್ಲ ಸಲಕರಣೆ ಸೇರಿದ ತೂಕವನ್ನು ಕೊಟೇಶನ್ನಿನಲ್ಲಿಯೇ ಬರೆಸಿಕೊಳ್ಳಿ.
3. ವಾಹನ ಮಾರಾಟಗಾರರಿಂದ ಕ್ಯಾಬಿನ್ ಸಹಿತ ಚಾಸಿಯ ತೂಕ, ಒಟ್ಟು ತೂಕ, ಎರಡೂ ಆಕ್ಸಲ್‌ಗಳ ಮಿತಿಯನ್ನು ಲಿಖಿತವಾಗಿ ಪಡೆಯಿರಿ.
4. ಎಲ್ಲವನ್ನೂ ಕೂಡಿದ ಮೇಲೆ ಶೇಕಡಾ 10ರಷ್ಟಾದರೂ ಮಿಗುವಂತೆ ನೋಡಿಕೊಳ್ಳಿ.
5. ಪೆಟ್ಟಿಗೆ ಕೂರಿಸಿದ ಮೇಲೆ ಖಾಲಿ ವಾಹನವನ್ನು ಕಾಟಾ ಮಾಡಿಸಿ, ನೋಂದಣಿ ಪತ್ರದ ಸ್ವಂತ ತೂಕಕ್ಕೆ ಹೋಲಿಸಿ. ನೋಂದಣಿಯಾದ ವಾಹನದ ಬಾಡಿಯನ್ನು ನೋಂದಣಿ ಪ್ರಾಧಿಕಾರದ ಅನುಮತಿಯಿಲ್ಲದೆ ಬದಲಿಸದಿರಿ.
6. ತುಂಬಿದ ವಾಹನದ ಹಿಂದಿನ ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ಒಮ್ಮೆ ತೂಗಿಸಿ. ಚೀಟಿಯನ್ನು ಕಡತದಲ್ಲಿಡಿ.

ನನ್ನ ಕಕ್ಷಿದಾರರು ಈಗ ದೊಡ್ಡ ವಾಹನ ಕೊಂಡು, ಪೆಟ್ಟಿಗೆಯನ್ನು ಕ್ರಮಬದ್ಧವಾಗಿ ಅದಕ್ಕೆ ವರ್ಗಾಯಿಸಿದ್ದಾರೆ. ಹಳೆಯ ಪಿಕಪ್ ತೆರೆದ ತೊಟ್ಟಿಯೊಡನೆ ಊರೊಳಗಿನ ಹಗುರ ಕೆಲಸಕ್ಕಿದೆ. ಬಿಡಿಸಿದ್ದ ಚಾಲಕರಲ್ಲಿ ಒಬ್ಬರನ್ನು ಮರಳಿ ಕರೆಸಿಕೊಂಡಿದ್ದಾರೆ. ಕಾಟಾ ಚೀಟಿಗೆ ತಗಲುವ ಸಣ್ಣ ಮೊತ್ತವನ್ನು ವಾಹನ ಕೊಳ್ಳುವ ಮೊದಲೇ ಖರ್ಚು ಮಾಡಿದ್ದರೆ ಇಷ್ಟೆಲ್ಲ ನಷ್ಟ ತಪ್ಪುತ್ತಿತ್ತು. ಸದಸ್ಯ ಮಿತ್ರರು ತಮ್ಮ ವಾಹನಗಳ ನೋಂದಣಿ ಪತ್ರವನ್ನು ಇಂದೇ ತೆರೆದು ಆ ಎರಡು ಅಂಕಿಗಳನ್ನು ಓದಬೇಕೆಂದು ವಿನಂತಿಸುತ್ತೇನೆ.