ಉಯಿಲು: ಮಾಡಬೇಕಾದ್ದು, ಮಾಡಬಾರದ್ದು

ಹೊಸಬಾಳೆ ಹಾಗೂ ಸುತ್ತಲಿನ ಸೊರಬ, ಶಿಕಾರಿಪುರ ತಾಲ್ಲೂಕಿನ ಹಿಡುವಳಿದಾರರ ಗಮನಕ್ಕೆ:

ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಗೆ ಕಾನೂನೇ ವಾರಸುದಾರರನ್ನು ಗೊತ್ತುಮಾಡುತ್ತದೆ. ಹಿಂದೂ ಗಂಡಸಾದರೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಬೇರೆ ಏರ್ಪಾಡು ಬೇಕೆನ್ನುವವರು ಬುದ್ಧಿ ನೆಟ್ಟಗಿದ್ದು ಕೈಕಾಲು ಗಟ್ಟಿಯಿರುವಾಗಲೇ ಬರೆದಿಡಬೇಕು. ನಿಮ್ಮದಲ್ಲದ್ದನ್ನು ಮಾತ್ರ ಯಾವ ಉಯಿಲೂ ಯಾರಿಗೂ ಕೊಡಿಸಲಾರದು.

ಮಾಡಬೇಕಾದ್ದು

1. ಸ್ವಯಾರ್ಜಿತ ಯಾವುದು, ಪಿತ್ರಾರ್ಜಿತ ಯಾವುದು ಎಂದು ಮೊದಲು ವಿಂಗಡಿಸಿ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಬರುವಷ್ಟನ್ನೇ ಬರೆಯಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಹಕ್ಕುಂಟು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಮದುವೆ ಮಾಡಿಕೊಟ್ಟಾಯಿತು ಎಂಬ ಮಾತು ನಡೆಯದು.

2. ಪಹಣಿ ಎದುರಿಗಿಟ್ಟುಕೊಂಡು ಷೆಡ್ಯೂಲ್ ಬರೆಸಿ. ‘ಹಳ್ಳದ ಬದಿಯ ತೋಟ ದೊಡ್ಡವನಿಗೆ’ ಎಂದರೆ ಸಾಲದು. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಇರಲಿ. ಒಂದೇ ನಂಬರನ್ನು ಇಬ್ಬರಿಗೆ ಹಂಚುವುದಾದರೆ ಯಾರಿಗೆ ಯಾವ ದಿಕ್ಕಿನ ಎಷ್ಟು ಗುಂಟೆ, ಅಡಿಕೆ ಹೊರುವ ದಾರಿ ಎಲ್ಲಿ, ಬೋರ್‌ವೆಲ್ ನೀರು ಯಾರಿಗೆಷ್ಟು ಎಂಬುದನ್ನೂ ಸೇರಿಸಿ. ಸೊಸೈಟಿ ಬೆಳೆಸಾಲ ಬಾಕಿಯಿದ್ದರೆ ತೀರಿಸುವವರು ಯಾರೆಂದು ಹೇಳಿ.

3. ಇಬ್ಬರು ಸಾಕ್ಷಿಗಳ ಎದುರೇ ರುಜು ಹಾಕಿ. ಅವರೂ ನಿಮ್ಮೆದುರೇ ಹಾಕಲಿ. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 63ನೇ ಕಲಮಿನ ಕಟ್ಟಳೆಯಿದು. ತಕರಾರು ಬಂದರೆ ಸಾಕ್ಷಿ ಕೋರ್ಟಿಗೆ ಬರಬೇಕಾಗುತ್ತದೆ. ನಿಮಗಿಂತ ಕಿರಿಯರನ್ನೇ ಆರಿಸಿ. ಹೆಬ್ಬೆಟ್ಟು ಒತ್ತುವವರಾದರೆ ಓದಿಸಿ ಕೇಳಿ ತಿಳಿದುಕೊಂಡದ್ದನ್ನು ಪತ್ರದಲ್ಲೇ ನಮೂದಿಸಿ.

4. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ. ಬಿಳಿ ಹಾಳೆಯೇ ಸಾಕು. ಹಾಸಿಗೆ ಹಿಡಿದವರಿದ್ದಲ್ಲಿಗೆ ಉಪನೋಂದಣಾಧಿಕಾರಿ ಬರಲು ಅವಕಾಶವಿದೆ. ನೀವು ಬದುಕಿರುವವರೆಗೆ ಅದರ ನಕಲು ನಿಮಗೆ ಅಥವಾ ನಿಮ್ಮ ಪ್ರತಿನಿಧಿಗಷ್ಟೇ ಸಿಗುತ್ತದೆ.

5. ಮಕ್ಕಳಿಲ್ಲದ ಹಿಂದೂ ವಿಧವೆಯರು ತಪ್ಪದೆ ಬರೆಯಿರಿ. ಇಲ್ಲವಾದರೆ ನೀವೇ ದುಡಿದು ಕೊಂಡ ಜಮೀನೂ ತವರಿನವರಿಗಿಂತ ಮೊದಲು ಗಂಡನ ಕಡೆಯವರಿಗೆ ಹೋಗುತ್ತದೆ.

6. ಮುಸ್ಲಿಮರು ಮೂರನೇ ಒಂದಂಶದ ಮಿತಿಯನ್ನು ನೆನಪಿಡಿ. ಅದಕ್ಕೆ ಮೀರಿದ್ದಕ್ಕೂ, ವಾರಸುದಾರರಲ್ಲೇ ಒಬ್ಬರಿಗೆ ಬರೆಯುವುದಕ್ಕೂ ಉಳಿದ ವಾರಸುದಾರರ ಒಪ್ಪಿಗೆ ಬೇಕು.

ಮಾಡಬಾರದ್ದು

1. ಬಗರ್‌ಹುಕುಂ ಅರ್ಜಿ ಹಾಕಿ ಇನ್ನೂ ಮಂಜೂರಾಗದ ಜಮೀನನ್ನು, ಸೊಪ್ಪಿನಬೆಟ್ಟವನ್ನು, ಒತ್ತುವರಿಯ ಕಾನನ್ನು ಸ್ವಂತ ಆಸ್ತಿಯೆಂದು ಬರೆಯಬೇಡಿ. ಸೊಪ್ಪಿನಬೆಟ್ಟದಲ್ಲಿ ನಿಮಗಿರುವುದು ಸೊಪ್ಪು-ಸೌದೆಯ ಸೌಲಭ್ಯ, ಒಡೆತನವಲ್ಲ.

2. ಆಸ್ತಿ ಪಡೆಯುವವರನ್ನು ಮುಂದೆ ಬಿಟ್ಟು ಉಯಿಲು ಬರೆಸಬೇಡಿ. ಅವರನ್ನಾಗಲಿ ಅವರ ಗಂಡ-ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬೇಡಿ. ಮೈಸೂರು ಸೀಮೆಯಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದೆ: ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಅದು ಸಂಶಯಕ್ಕೆ ಕಾರಣ, ಸಂಶಯ ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದ್ದು.

3. ಪತ್ರದ ಶೀರ್ಷಿಕೆ ‘ಉಯಿಲು’ ಎಂದಿದೆಯೋ ‘ದಾನಪತ್ರ’ ಎಂದಿದೆಯೋ ಓದಿಸಿ ಕೇಳದೆ ರುಜು ಹಾಕಬೇಡಿ. ಉಯಿಲು ಜಾರಿಗೆ ಬರುವುದು ನಿಮ್ಮ ನಂತರ. ಅಲ್ಲಿಯವರೆಗೆ ಜಮೀನು ಮಾರಬಹುದು, ಉಯಿಲನ್ನೂ ಬದಲಿಸಬಹುದು. ದಾನಪತ್ರವಾದರೆ ಆಸ್ತಿ ಆಗಲೇ ಕೈಬಿಟ್ಟಂತೆ. ಖಾಲಿ ಹಾಳೆಗೆ ಯಾರು ಕೇಳಿದರೂ ರುಜು ಬೇಡ.

4. ರುಜುವಾದ ಉಯಿಲಿನಲ್ಲಿ ಪೆನ್ನಿನಿಂದ ಹೊಡೆದುಹಾಕುವುದು, ಸಾಲು ಸೇರಿಸುವುದು ಬೇಡ. ಮನಸ್ಸು ಬದಲಾದರೆ ಹೊಸದನ್ನೇ ಬರೆದು ‘ಹಿಂದಿನದು ರದ್ದು’ ಎಂದು ಸೇರಿಸಿ. ನಿಲ್ಲುವುದು ಕೊನೆಯ ಉಯಿಲು.

5. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ನಾಮಿನಿ ಹೆಸರು ಕೊಟ್ಟೆವೆಂದು ನಿಶ್ಚಿಂತರಾಗಬೇಡಿ. ನಾಮಿನಿ ಹಣ ಪಡೆದುಕೊಳ್ಳುವವರು. ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ.

6. ಮಕ್ಕಳಲ್ಲಿ ಒಬ್ಬರಿಗೆ ಏನೂ ಕೊಡದಿದ್ದರೆ ಕಾರಣ ಬರೆಯದೆ ಬಿಡಬೇಡಿ. ಹೆಸರನ್ನೇ ಎತ್ತದ ಉಯಿಲು ಕೋರ್ಟಿನಲ್ಲಿ ಸಂಶಯಕ್ಕೆ ಎಡೆಮಾಡುತ್ತದೆ.

ಉಯಿಲು ಎಲ್ಲಿದೆ ಎಂದು ನಂಬಿಕಸ್ತರೊಬ್ಬರಿಗೆ ತಿಳಿಸಿಡಿ. ನಿಮ್ಮ ನಂತರ ಮರಣ ಪ್ರಮಾಣಪತ್ರದೊಂದಿಗೆ ಅದನ್ನೇ ಹಾಜರುಪಡಿಸಿ ಖಾತೆ ಬದಲಾವಣೆಗೆ ಅರ್ಜಿ ಕೊಡಬೇಕು. ಉಯಿಲು ನಿಜವೋ ಸುಳ್ಳೋ ಎಂಬ ತಕರಾರು ಎದ್ದರೆ ತೀರ್ಮಾನ ಕಂದಾಯ ಕಚೇರಿಯದ್ದಲ್ಲ, ಸಿವಿಲ್ ಕೋರ್ಟಿನದ್ದು.